ಗಾಳಿ ಬೆನ್ನಿಗಿದ್ದ ಊರು

ಅವರ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಸರಪಳಿಯ ಕಪ್ಪು ಅಚ್ಚು ಒಂದಿತ್ತು. ಮಸಿಯಲ್ಲಿ ಅದ್ದಿದ ಬಾಚಣಿಗೆಯನ್ನು ಒತ್ತಿದ ಹಾಗೆ ಹಲ್ಲು ಹಲ್ಲಾಗಿ ಕಾಣುತ್ತಿತ್ತು. ಧೋತರದ ಅಂಚನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡು ಮೂವತ್ತು ವರ್ಷ ಪೆಡಲ್ ತುಳಿದ ಕಾಲು ಅದು. ಹಬ್ಬದ ಎಣ್ಣೆಸ್ನಾನಕ್ಕೂ ಆ ಅಚ್ಚು ಬಗ್ಗುತ್ತಿರಲಿಲ್ಲ ಎಂದು ಅವರ ಹೆಂಡತಿ ಹೇಳುತ್ತಿದ್ದರು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ಹಳ್ಳಿಗಳಲ್ಲಿ ತಿರುಗಿ ಮಕ್ಕಳ ತೋಳಿಗೆ ಸಿಡುಬಿನ ದಾಕು ಹಾಕುವುದು ಅವರ ನೌಕರಿ. ನಿಜಾಮರ ಕಾಲ. ಸರ್ಕಾರದ ಸಂಬಳ ಉಣ್ಣುವವರೆಲ್ಲ ಮಂದಿಯ ಬಾಯಲ್ಲಿ ಸಾಹೇಬರೇ ಆಗಿದ್ದರು. ಇವರು ದಾಕಿನ ಸಾಹೇಬರು. ನಾನು ಕುಷ್ಟಗಿಯ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ದಾಕಿನ ಔಷಧದ ಸಣ್ಣ ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವರ ತಗಡಿನ ಪೆಟ್ಟಿಗೆಗೆ ತುಂಬಿ ಕೊಡುತ್ತಿದ್ದೆ. ಅವರು ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿ, ಗಂಟೆಯನ್ನು ಒಮ್ಮೆ ಬಾರಿಸಿ ನೋಡಿ ಹೊರಡುತ್ತಿದ್ದರು. ನಮ್ಮಿಬ್ಬರ ಪರಿಚಯ ಹೀಗೆ ಆದದ್ದು.

ದಾಕು ಹಾಕಿದ ಎಂಟನೇ ದಿನ ಅದೇ ಹಳ್ಳಿಗೆ ಮತ್ತೆ ಹೋಗಿ, ತೋಳಿನ ಮೇಲೆ ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಬೇಕೆಂಬುದು ಕಾಯಿದೆ. ಆ ಕಾಯಿದೆ ಅವರ ಮೈಗೇ ಹತ್ತಿಬಿಟ್ಟಿತ್ತು. ಹೊಸ ಚಪ್ಪಲಿ ಹೇಗಿವೆ ಎಂದು ಕೇಳಿದರೂ, ಹೊಸದಾಗಿ ಬಂದ ಡಾಕ್ಟರು ಹೇಗೆ ಎಂದು ಕೇಳಿದರೂ ಒಂದೇ ಉತ್ತರ: "ಎಂಟ ದಿನ ತಡಿ ತಮ್ಮಾ. ಮೊದಲನೇ ದಿನ ಎಲ್ಲಾ ತೋಳೂ ಒಂದ ಥರಾ ಕಾಣ್ತಾವ."

ಜರ್ಮನಿಯ ಲಡಾಯಿ ನಡೆದಿದ್ದಾಗ ಅವರ ಪಿಂಚಣಿ ಹತ್ತಿರ ಬಂತು. ಮಕ್ಕಳಿರಲಿಲ್ಲ, ಹೊಲವಿರಲಿಲ್ಲ, ಸ್ವಂತ ಊರೆಂಬುದು ಹೆಸರಿಗಷ್ಟೇ ಇತ್ತು. ಎಲ್ಲಿ ಹೋಗಿ ಇರಬೇಕು ಎನ್ನುವ ಪ್ರಶ್ನೆ ಎದ್ದಾಗ ಬೇರೆಯವರು ನೀರು ನೋಡುತ್ತಾರೆ, ನೆಂಟರನ್ನು ನೋಡುತ್ತಾರೆ. ಸಾಹೇಬರು ಸೈಕಲ್ ಹತ್ತಿದರು. ನೌಕರಿ ಮುಗಿದ ಮೇಲೆ ಪೆಟ್ಟಿಗೆಯ ಭಾರವಿಲ್ಲದೆ, ಯಾವ ಹಳ್ಳಿಯನ್ನೂ ಮುಟ್ಟುವ ಅವಸರವಿಲ್ಲದೆ, ದಿನಾ ಮುಂಜಾನೆ ಸುಮ್ಮನೆ ಸೈಕಲ್ ತುಳಿಯಬೇಕೆಂಬುದು ಅವರ ಏಕೈಕ ಆಸೆ. ಲಡಾಯಿಯ ದೆಸೆಯಿಂದ ಟೈರು ಸಿಗುತ್ತಿರಲಿಲ್ಲ. ಇದ್ದ ಜೋಡಿಯನ್ನೇ ಒಳಗಿನಿಂದ ತೇಪೆ ಹಾಕಿ ಸಾಕಿಕೊಂಡಿದ್ದರು. ಹಾಗಾಗಿ ರಸ್ತೆ ಹುಡುಕುವುದರಲ್ಲಿ ಅವರು ಹೆಣ್ಣು ನೋಡಲು ಹೋದ ಬೀಗರಿಗಿಂತ ಬಿಗಿಯಾಗಿದ್ದರು.

ಪ್ರತಿ ಊರಿಗೂ ಒಮ್ಮೆ ಹೋಗುವುದು, ಎಂಟನೇ ದಿನ ಮತ್ತೆ ಹೋಗುವುದು, ಬಂದು ದವಾಖಾನೆಯ ಬಾಕಿನ ಮೇಲೆ ಕೂತು ನನಗೆ ತೀರ್ಪು ಹೇಳುವುದು. ಗಂಗಾವತಿಯಲ್ಲಿ ಕಾಲುವೆ ಪಕ್ಕದ ಹಾದಿ ಕೆಸರು. ಕೆಸರು ದಾಟಿದರೆ ಬಂಡೆಗಳ ಕಾವಿಗೆ ಟ್ಯೂಬಿನ ತೇಪೆ ಬಿಚ್ಚಿಕೊಳ್ಳುತ್ತದೆ. ಕೊಪ್ಪಳಕ್ಕೆ ರೈಲು ಬಂದದ್ದರಿಂದ ಟಾಂಗಾ ಹೆಚ್ಚು, ಟಾಂಗಾ ಹೆಚ್ಚಾದದ್ದರಿಂದ ಹಾದಿಯ ತುಂಬ ಕುದುರೆ ಲಾಳದ ಮೊಳೆ. ಯಲಬುರ್ಗಾದ್ದು ಎರೆಮಣ್ಣು, ಒಂದು ಮಳೆ ಬಿದ್ದರೆ ಗಾಲಿಗೆ ಹೂರಣದ ಹಾಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಸೈಕಲ್ಲನ್ನು ನಾವೇ ಹೊರಬೇಕು. ಕುಷ್ಟಗಿಯ ಹಾದಿ ಅವರಿಗೆ ಒಪ್ಪಿಗೆಯಾಗಿತ್ತು, ಆದರೆ ದವಾಖಾನೆ ಕಣ್ಣಿಗೆ ಬಿದ್ದರೆ ಕೈ ತಾನೇ ಪೆಟ್ಟಿಗೆಯತ್ತ ಹೋಗುತ್ತದೆ ಎಂದರು.

"ಹಂಗಾರ ನಿಮಗ ಎಂಥಾ ಊರು ಬೇಕ್ರಿ ಸಾಹೇಬ್ರ?" ಎಂದು ಕೇಳಿದೆ.

"ಮನಿಗೆ ಬರೂಮುಂದ ಗಾಳಿ ಬೆನ್ನಿಗಿರಬೇಕು," ಎಂದರು. "ಹೋಗೂಮುಂದ ಹೊಟ್ಟಿ ತುಂಬಿರತೈತಿ, ಎದುರಗಾಳಿ ತಡಕೋಬಹುದು. ಬರೂಮುಂದ ಹಸದಿರ್ತೀವಿ."

ಅವರ ಹೆಂಡತಿಗೂ ಒಂದು ಬೇಡಿಕೆ ಇತ್ತು. ಅವರನ್ನು ನಾನು ಅಕ್ಕಾರು ಎನ್ನುತ್ತಿದ್ದೆ. ತಿಂಗಳಲ್ಲಿ ಇಪ್ಪತ್ತು ದಿನ ಗಂಡ ಹಳ್ಳಿ ಸುತ್ತುತ್ತಿದ್ದರೆ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದು, ಪಕ್ಕದವರ ಪರಿಚಯವಾಗುವಷ್ಟರಲ್ಲಿ ವರ್ಗವಾಗಿ ಪಾತ್ರೆ ಕಟ್ಟಿ ಕಟ್ಟಿ ಸಾಕಾದ ಹೆಂಗಸು. "ನನಗ ರಸ್ತಾ ಗೊತ್ತಿಲ್ಲ, ಗಾಳಿ ಗೊತ್ತಿಲ್ಲ ತಮ್ಮಾ," ಎಂದರು ಒಮ್ಮೆ. "ನಮ್ಮ ಗ್ವಾಡಿಗೆ ಹತ್ತಿ ಇನ್ನೊಂದು ಮನಿ ಇರಲಿ. ಒಬ್ಬಾಕಿ ಬಂದು ಕುಂತು ಮಾತಾಡಿ ಹೋಗೂ ಹಂಗ ಇರಲಿ. ಹನ್ನೊಂದು ಮನಿ ತಿರುಗೀನಿ, ಇನ್ನ ತಿರುಗೂ ಶಕ್ತಿ ನನಗಿಲ್ಲ."

ನಮ್ಮೂರಿನ ಹೆಸರು ತೆಗೆದವನು ನಾನೇ. ಕುಷ್ಟಗಿಯಿಂದ ಮೂಡಣಕ್ಕೆ ಒಂದೂವರೆ ಹರದಾರಿ, ನಡೆದರೆ ಎರಡು ತಾಸು. ಗರಸು ಹಾಕಿದ ಮಟ್ಟಸ ಹಾದಿ. ಆಷಾಢದ ಗಾಳಿ ಪಡುವಣದಿಂದ ಬೀಸುವುದರಿಂದ ಊರಿಗೆ ಬರುವಾಗ ಬೆನ್ನಿಗೇ ಇರುತ್ತದೆ. ನಮ್ಮ ಮನೆಗೆ ಒತ್ತಿದಂತೆ, ನಡುವೆ ಒಂದೇ ಗೋಡೆ ಇರುವ ಮನೆಯೊಂದು ಖಾಲಿ ಬಿದ್ದಿತ್ತು.

ಸಾಹೇಬರು ಹೋಗಿ ನೋಡಿ ಬಂದರು. ಎಂಟನೇ ದಿನ ಮತ್ತೆ ಹೋಗಿ ಬಂದರು. ಅವತ್ತು ಅವರ ಮುಖ ಅರಳಿತ್ತು. "ಹಾದಿ ಹಾಸಿಗಿ ಆಗೇತಿ ತಮ್ಮಾ. ಮ್ಯಾಲ ಊರು ಎಷ್ಟು ಶಾಂತ! ಎರಡೂ ಸಲ ಓಣ್ಯಾಗ ಒಂದು ನರಪಿಳ್ಳೆ ಇಲ್ಲ. ಬಾಗಲಾ ಹಾಕ್ಕೊಂಡು ಎಲ್ಲಾರೂ ತಮ್ಮ ತಮ್ಮ ಪಾಡಿಗೆ ಅದಾರ."

ಇಲ್ಲಿ ನಾನು ಬಾಯಿ ಬಿಡಬೇಕಿತ್ತು. ನಮ್ಮೂರು ಶಾಂತವೇನಲ್ಲ, ಬೆಳಿಗ್ಗೆಯಿಂದ ಸಂಜೆಯ ತನಕ ಜಗಳವಾಡುವ ಊರು. ಸೈಕಲ್ ಗಂಟೆ ಕೇಳಿದರೆ ಮಾತ್ರ ಬಾಗಿಲು ಬೀಳುತ್ತಿದ್ದವು. ದಾಕು ಹಾಕಿಸಿದರೆ ಅಮ್ಮ ಮುನಿಯುತ್ತಾಳೆ ಎಂದು ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಒಳಗೆ ಓಡುತ್ತಿದ್ದರು. ನಮ್ಮವ್ವ ಅಣ್ಣನ ಎರಡು ಮಕ್ಕಳನ್ನು ಖಾಲಿ ಕಣಜದೊಳಗೆ ಇಳಿಸಿ ಮೇಲೆ ಮೊರ ಮುಚ್ಚುತ್ತಿದ್ದಳು. ಸಾಹೇಬರು ಮೂವತ್ತು ವರ್ಷ ಯಾವ ಹಳ್ಳಿಗೆ ಹೋದರೂ ಗಂಟೆ ಬಾರಿಸಿಕೊಂಡೇ ಹೋದವರು. ಓಣಿ ಖಾಲಿ ಇರುವುದನ್ನಷ್ಟೇ ಕಂಡವರು. ದಾಕು ಹಾಕುವುದು ಚಾವಡಿಯಲ್ಲಿ, ಸಿಕ್ಕ ಮಕ್ಕಳನ್ನು ಅಲ್ಲಿಗೆ ಹಿಡಿದು ತರುವುದು ಗೌಡರ ಆಳುಗಳ ಕೆಲಸ. ಹಳ್ಳಿ ಎಂದರೆ ಹೀಗೆಯೇ ಎಂದು ಅವರು ತಿಳಿದಿದ್ದರು. ದವಾಖಾನೆಯ ಕಂಪೌಂಡರನ ಮನೆಯಲ್ಲೇ ಮಕ್ಕಳು ಕಣಜ ಸೇರುತ್ತವೆ ಎಂದು ಹೇಳಲು ನನಗೆ ನಾಚಿಕೆಯಾಯಿತು. "ಹೌದ್ರಿ, ಛಲೋ ಊರು" ಎಂದೆ. ಆ ಎರಡು ಮಾತಿಗೆ ಇಂದಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಪಿಂಚಣಿ ಆಯಿತು. ಬಂಡಿಯಲ್ಲಿ ಪಾತ್ರೆ ಬಂದವು, ಹಿಂದಿನಿಂದ ಸಾಹೇಬರು ಸೈಕಲ್ ಮೇಲೆ ಬಂದರು. ಓಣಿ ಖಾಲಿಯಾಯಿತು.

ನಮ್ಮ ಕಡೆ ಆಗ ಕಡ್ಡಿಪೆಟ್ಟಿಗೆ ದುಬಾರಿ. ಬೆಳಿಗ್ಗೆ ಒಬ್ಬರ ಒಲೆ ಹೊತ್ತಿದರೆ ಸುತ್ತಲಿನ ನಾಲ್ಕು ಮನೆಯವರು ಬಂದು ಸಗಣಿಯ ಕುಳ್ಳಿನ ಮೇಲೆ ಕೆಂಡ ಇಸಿದುಕೊಂಡು ಹೋಗುತ್ತಿದ್ದರು. ಬೆಂಕಿಗೆಂದು ಬಂದವರು ಅರ್ಧ ತಾಸು ಮಾತಾಡಿಯೇ ಹೋಗುವುದು. ಅಕ್ಕಾರು ದಿನಾ ಎಲ್ಲರಿಗಿಂತ ಮೊದಲೇ ಎದ್ದು ಒಲೆ ಹೊತ್ತಿಸಿ, ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ಯಾರೂ ಬರಲಿಲ್ಲ. ತಿಂಗಳಾಯಿತು. ಒಂದು ದಿನ ಬೇಕೆಂದೇ ತಮ್ಮ ಒಲೆ ಆರಿಸಿ, ಕುಳ್ಳು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. "ನಮ್ಮ ಒಲಿ ಇನ್ನಾ ಹೊತ್ತಿಲ್ರಿ," ಎಂದು ನಮ್ಮವ್ವ ಒಳಗಿನಿಂದಲೇ ಹೇಳಿದಳು. ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ಅಕ್ಕಾರು ಅದನ್ನು ನೋಡಿ ತಿರುಗಿ ಹೋದರು.

ಶುಕ್ರವಾರದ ಸರ್ಕಾರಿ ರಜೆಗೆ ನಾನು ಊರಿಗೆ ಬಂದಾಗ ಅವ್ವನ ಜೊತೆ ಜಗಳವಾಡಿದೆ.

"ಅವರ ನೌಕರಿ ಮುಗದೈತಿ ಬೇ. ಇನ್ನ ಯಾರಿಗೂ ದಾಕು ಹಾಕೂದಿಲ್ಲ."

"ಸೈಕಲ್ ಐತಲ್ಲ? ಸೈಕಲ್ ಇದ್ದ ಮ್ಯಾಲ ನೌಕರಿ ಐತಿ," ಎಂದಳು ಅವ್ವ. "ಸರಕಾರದಾವ್ರು ಸುಮ್ಮಸುಮ್ಮನ ಸೈಕಲ್ ಹತ್ತತಾರೇನು?"

ಸುಮ್ಮನೆ ಖುಷಿಗೆಂದು ಒಬ್ಬ ಮನುಷ್ಯ ಸೈಕಲ್ ತುಳಿಯುತ್ತಾನೆ ಎಂದು ಅವಳಿಗೆ ತಿಳಿಸಿ ಹೇಳುವ ವಿದ್ಯೆ ನನ್ನಲ್ಲಿರಲಿಲ್ಲ.

ನಡುವಿನ ಗೋಡೆಯಾಚೆ ನಮ್ಮ ಜಗಳ ಕೇಳಿಸಿಕೊಂಡ ಅಕ್ಕಾರು, ಓಣಿ ಬಾಗಿಲು ಹಾಕುವುದು ಸೈಕಲ್ಲಿಗೆ ಹೆದರಿ ಎಂದು ಅದೇ ವಾರ ಗಂಡನಿಗೆ ಹೇಳಿದರು. ಸಾಹೇಬರು ನಂಬಲಿಲ್ಲ, ತಮ್ಮ ಪದ್ಧತಿಯಂತೆ ಪರೀಕ್ಷೆಗೆ ಹೊರಟರು. ಮೊದಲ ದಿನ ಸೈಕಲ್ ಮನೆಯಲ್ಲಿಟ್ಟು, ತಲೆಗೆ ರುಮಾಲು ಸುತ್ತಿ ನಡೆದು ಊರು ಸುತ್ತಿದರು. ಸೈಕಲ್ ಇಲ್ಲದ ಅವರನ್ನು ಅರ್ಧ ಊರು ಗುರುತಿಸಲೇ ಇಲ್ಲ. ಹೆಂಗಸರು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು, ಮಕ್ಕಳು ಗೋಲಿ ಆಡುತ್ತಿದ್ದವು. ಎಂಟನೇ ದಿನ ಸೈಕಲ್ ಹತ್ತಿ ಅದೇ ಓಣಿಗಳಲ್ಲಿ ಹೋದರು. ಗೋಲಿಗಳು ಮಾತ್ರ ಮಣ್ಣಿನಲ್ಲಿ ಬಿದ್ದಿದ್ದವು.

ಅಲ್ಲಿಂದ ನೇರ ಕುಷ್ಟಗಿಗೆ ಬಂದು, ದವಾಖಾನೆಯ ಬಾಕಿನ ಮೇಲೆ ಕೂತರು.

"ನಿನಗ ಗೊತ್ತಿತ್ತೇನು?" ಎಂದರು.

"ಗೊತ್ತಿತ್ರಿ."

ಬೈಯಲಿಲ್ಲ. ಕುಡಿಯಲು ನೀರು ಕೇಳಿದರು, ಕೊಟ್ಟೆ. ಬೇರೆ ಊರು ನೋಡೋಣವೇ ಎಂದು ನಾನೇ ಮೆಲ್ಲಗೆ ಕೇಳಿದೆ.

"ಎಲ್ಲಿ ನೋಡ್ತಿ? ನಾಕೂ ತಾಲೂಕಿನಾಗ ನನ್ನ ಗಾಲಿ ಬೀಳದ ಹಳ್ಳಿ ಒಂದೂ ಇಲ್ಲ. ಎಲ್ಲಾ ಕಡಿ ಬಾಗಲಾ ಹಾಕಿಸಿ ಬಂದೀನಿ." ಸ್ವಲ್ಪ ಹೊತ್ತು ಅಂಗೈಯಿಂದ ಕಾಲಿನ ಧೂಳು ಒರೆಸಿಕೊಂಡರು. "ಆಕಿ ಮೂವತ್ತು ವರ್ಷ ಒಬ್ಬಾಕೀನ ಕುಂತಾಳ ತಮ್ಮಾ. ಇನ್ನ ಕೂಡಸಬಾರದು."

ಅವತ್ತು ಅವರು ಸೈಕಲ್ಲನ್ನು ದವಾಖಾನೆಯ ಹಿಂದಿನ ಕೋಣೆಯಲ್ಲಿ, ಹಳೆಯ ಸೀಸೆಗಳ ಪಕ್ಕ ನಿಲ್ಲಿಸಿ ನಡೆದು ಊರಿಗೆ ಹೋದರು. ಸರ್ಕಾರ ಸೈಕಲ್ ತಿರುಗಿ ಇಸಿದುಕೊಂಡಿತು ಎಂದು ಓಣಿಯಲ್ಲಿ ಹೇಳಿದರು. ನನಗೂ ಹಾಗೆಯೇ ಹೇಳಲು ಹೇಳಿದರು. ಆ ಸೈಕಲ್ ಸರ್ಕಾರದ್ದಲ್ಲ, ಅವರದೇ. ಅವರು ಆಡಿದ ಸುಳ್ಳುಗಳಲ್ಲಿ ನನಗೆ ಗೊತ್ತಿರುವುದು ಅದೊಂದೇ.

ಆಮೇಲೆ ನಡೆದದ್ದು ನೋಡಿದವರಿಗೆ ಹುಚ್ಚು ಎನಿಸಬೇಕು. ವಾರದಲ್ಲಿ ನಾಲ್ಕು ದಿನ ಅವರು ನಸುಕಿಗೇ ಹೊರಟು, ತಾವು ನಾಲ್ಕು ತಾಲೂಕು ಜಾಲಾಡಿ ಆರಿಸಿದ ಆ ಮಟ್ಟಸ ಹಾದಿಯಲ್ಲಿ ನಡೆದು ಕುಷ್ಟಗಿಗೆ ಬರುತ್ತಿದ್ದರು. ಕೋಣೆಯಿಂದ ಸೈಕಲ್ ತೆಗೆದು, ಗಾಳಿ ಹೊಡೆದು, ಕುಷ್ಟಗಿಯ ಇನ್ನೊಂದು ಮಗ್ಗುಲಿಗೆ, ಪಡುವಣದ ಹಾದಿಯಲ್ಲಿ ಒಂದು ತಾಸು ತಿರುಗಿ ಬರುತ್ತಿದ್ದರು. ಮತ್ತೆ ಒರೆಸಿ ಇಟ್ಟು ನಡೆದು ಮನೆಗೆ. ನಮ್ಮೂರಿನ ಸೀಮೆಯ ತನಕವಾದರೂ ತುಳಿದುಕೊಂಡು ಹೋಗಿ ಗಿಡದ ಮರೆಯಲ್ಲಿ ಇಡಬಹುದಲ್ಲ ಎಂದರೆ, ಹೊಲದಲ್ಲಿ ಕಸ ತೆಗೆಯುವ ಹೆಂಗಸರು ನೋಡಿದರೆ ಸಾಕು, ತಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟುತ್ತದೆ ಎಂದರು. ಆಷಾಢದಲ್ಲಿ ನಾನು ಕೇಳಿದೆ, ಗಾಳಿ ಹೇಗಿದೆ ಎಂದು. "ನಡಿಯಾವಂಗೂ ಬೆನ್ನಿಗೇ ಬರತೈತಿ," ಎಂದರು. ಮುಖದಲ್ಲಿ ನಗೆ ಇತ್ತು. ನನಗೆ ನಗಲು ಆಗಲಿಲ್ಲ.

ಸೈಕಲ್ ಕಾಣದಾಗಿ ನಲವತ್ತು ದಿನಕ್ಕೆ ನಮ್ಮವ್ವ ಕುಳ್ಳು ಹಿಡಿದು ಅವರ ಮನೆಗೆ ಬೆಂಕಿಗೆ ಹೋದಳು. ನಮ್ಮ ಒಲೆ ಅವತ್ತು ನಿಜವಾಗಿಯೂ ಹೊತ್ತಿರಲಿಲ್ಲವೋ, ಇಲ್ಲ ಅವಳಿಗೆ ಹಳೆಯ ಮಾತು ಚುಚ್ಚುತ್ತಿತ್ತೋ ನನಗೆ ತಿಳಿಯದು. ಹೋದವಳು ಹೊತ್ತೇರುವ ತನಕ ಬರಲಿಲ್ಲ. ಆಮೇಲೆ ದಿನಾ ಹಾಗೆಯೇ. ಅಕ್ಕಾರು ನಗುವುದು ನಡುವಿನ ಗೋಡೆ ದಾಟಿ ನಮ್ಮ ಪಡಸಾಲೆಗೆ ಕೇಳುತ್ತಿತ್ತು. ಎರಡು ವರ್ಷ ಹೋಗಿ ಮೂರನೆಯದಕ್ಕೆ ಬಿದ್ದಾಗ, ಅವ್ವ ಅಣ್ಣನ ಮಕ್ಕಳಿಬ್ಬರನ್ನೂ ಬಂಡಿಯಲ್ಲಿ ಕೂರಿಸಿಕೊಂಡು ತಾನೇ ದವಾಖಾನೆಗೆ ಬಂದು, ತೋಳು ಮುಂದೆ ಮಾಡಿಸಿ ದಾಕು ಹಾಕಿಸಿದಳು. "ಮಗ್ಗಲಮನ್ಯಾಕಿ ಹೇಳಿದ್ಲು," ಎಂದಳು, ಅಷ್ಟೇ. ಸಾಹೇಬರಿಗೆ ಹೇಳಿದೆ. "ನಾ ಮೂವತ್ತು ವರ್ಷ ತುಳದೆ. ಆಕಿ ಕುಂತಲ್ಲೇ ಮಾಡಿದ್ಲು," ಎಂದರು.

ನಿಜಾಮರ ಆಳ್ವಿಕೆಯ ಕೊನೆಯ ಗದ್ದಲದ ದಿನಗಳಲ್ಲಿ ಅವರ ಎದೆ ಸೋತಿತು. ಕೊನೆಯ ಸಲ ದವಾಖಾನೆಗೆ ಬಂದಾಗ ಸೈಕಲ್ ಹತ್ತಲಿಲ್ಲ. ಕೋಣೆಯಲ್ಲಿ ನೆಲದ ಮೇಲೆ ಕೂತು ಗಾಲಿಯ ಒಂದೊಂದೇ ಕಡ್ಡಿ ಒರೆಸಿದರು. ಏಳುವಾಗ ನನ್ನ ಭುಜ ಹಿಡಿದುಕೊಂಡರು.

"ನಾ ಹೋದಮ್ಯಾಲ ನೀ ಇದನ್ನ ಇಟ್ಕೋ. ಖರೆ, ಊರಿಗೆ ಮಾತ್ರ ಒಯ್ಯಬ್ಯಾಡ ತಮ್ಮಾ. ನಾ ಇರಾಂಗಿಲ್ಲ, ಆಕಿ ಅಲ್ಲೇ ಇರಾಕಿ ಅದಾಳ."

ಒಯ್ಯುವುದಿಲ್ಲ ಎಂದು ಮಾತು ಕೊಟ್ಟೆ.

ಇಪ್ಪತ್ತು ದಿನದ ಮೇಲೆ, ಮುಂಜಾನೆ ಔಷಧ ಅರೆಯುತ್ತಿದ್ದಾಗ, ಊರಿನಿಂದ ನಮ್ಮಣ್ಣ ಬಂದ. ಸಾಹೇಬರು ನಸುಕಿನಲ್ಲೇ ಹೋದರಂತೆ, ಬಿಸಿಲೇರುವುದರೊಳಗೆ ಮಣ್ಣು ಮಾಡುತ್ತಾರೆ, ಲಗೂನ ಬಾ ಎಂದ. ಹಿಂದಿನ ಕೋಣೆಯಲ್ಲಿ ಸೈಕಲ್ ಇತ್ತು, ಗಾಲಿಯಲ್ಲಿ ಗಾಳಿ ಇತ್ತು. ಹತ್ತಿದರೆ ಅರ್ಧ ತಾಸಿನ ದಾರಿ. ಬಾಗಿಲ ತನಕ ಹೋಗಿ ಅದರ ಹ್ಯಾಂಡಲ್ ಮೇಲೆ ಕೈಯನ್ನೂ ಇಟ್ಟೆ. ಆಮೇಲೆ ಕೈ ತೆಗೆದು, ಕೋಣೆಗೆ ಚಿಲಕ ಹಾಕಿ, ಅಣ್ಣನ ಜೊತೆ ನಡೆದೆ. ಕಾಲು ಎಷ್ಟು ಎಳೆದು ಹಾಕಿದರೂ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದು, ಮಂದಿ ಹಳ್ಳದಲ್ಲಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಅವರ ಮುಖ ನನಗೆ ನೋಡಸಿಗಲಿಲ್ಲ. ಅವರ ಮನೆಗೆ ಹೋದೆ. ಪಡಸಾಲೆಯ ತುಂಬ ಓಣಿಯ ಹೆಂಗಸರು, ಕಾಲಿಡಲು ಜಾಗವಿರಲಿಲ್ಲ. ನಮ್ಮವ್ವ ಅಕ್ಕಾರ ಬೆನ್ನಿಗೆ ತನ್ನ ಬೆನ್ನು ಕೊಟ್ಟು ಕೂತಿದ್ದಳು.