ನಾಲ್ಕನೇ ಮಹಡಿಯ ಬಾಣಂತಿ

ಈಚೆಗೆ ಮನೆ ಮಾಲೀಕರು ನಕ್ಕರೆ ನನಗೆ ಎದೆ ಧಸಕ್ ಎನ್ನುತ್ತದೆ. ಅವರು ನಕ್ಕಾಗಲೆಲ್ಲ ಬಾಡಿಗೆ ಏರಿದೆ. ಈ ಸಲವಂತೂ ನಗುತ್ತಲೇ, ಮಗನ ಮದುವೆ ಇದೆ, ಮನೆ ಬಿಡಿ ಅಂದರು.

ನಾನು ಬೀದರ ಕಡೆಯವನು, ನಾಸಿಕದ ಹತ್ತಿರದ ಸಿನ್ನರ್‌ನ ಕಾರ್ಖಾನೆಯೊಂದರಲ್ಲಿ ನೌಕರಿ. ಹೆಂಡತಿ ಸುಜಾತಾ ಸಂಭಾಜಿನಗರದ ಚಿಕಲಠಾಣಾದಲ್ಲಿ ಬೆಳೆದವಳು. ಕನ್ನಡ ತಿಳಿಯುತ್ತದೆ, ಆಡಲು ಹೋದರೆ ನಡುವೆ ಮರಾಠಿ ನುಗ್ಗುತ್ತದೆ. ಮೂವತ್ತು ದಾಟುವುದರೊಳಗೆ ನಾಸಿಕದಲ್ಲೊಂದು ಸ್ವಂತ ಮನೆ ಎಂಬುದು ನಮ್ಮ ಆಸೆ. ಆದರೆ ಸಂಬಳ ನಡೆಯುತ್ತದೆ, ಮನೆಯ ಬೆಲೆ ಓಡುತ್ತದೆ. ನಮ್ಮ ವಯಸ್ಸಿನ ಗೆಳೆಯರು ಸೇರಿದರೆ ಈಗ ಸಿನಿಮಾದ ಮಾತಿಲ್ಲ, ಬರೀ ಬಡ್ಡಿ ದರದ ಮಾತು.

ಮನೆ ನೋಡಲು ಹೋದ ಭಾನುವಾರ ಏಜೆಂಟ್ ಮೊದಲು ನಮಗೆ ಸ್ಯಾಂಪಲ್ ಫ್ಲ್ಯಾಟ್ ತೋರಿಸಿದ. ಕೋಣೆ ವಿಶಾಲವಾಗಿಯೇ ಕಂಡಿತು. ಅನುಮಾನ ಬಂದು ಮಂಚದ ಮೇಲೆ ಮಲಗಿ ನೋಡಿದೆ, ಕಾಲು ಮೊಳಕಾಲಿನವರೆಗೆ ಹೊರಗೆ! ಕೋಣೆ ದೊಡ್ಡದಲ್ಲ, ಮಂಚ ಚಿಕ್ಕದು. ಸುಜಾತಾ ನಗಲಿಲ್ಲ. "ನಿಜವಾದದ್ದು ತೋರಿಸಿ" ಎಂದಳು.

ಕಟ್ಟುತ್ತಿದ್ದ ಕಟ್ಟಡದ ನಾಲ್ಕನೇ ಮಹಡಿಗೆ ಹತ್ತಿದೆವು. ಬಾಗಿಲಿಲ್ಲದ ಆ ಫ್ಲ್ಯಾಟಿನಲ್ಲಿ ಒಲೆ ಉರಿಯುತ್ತಿತ್ತು. ಅಲ್ಲಿಯೇ ಕೆಲಸಕ್ಕಿದ್ದ ಕಲಬುರಗಿ ಕಡೆಯ ಕುಟುಂಬ. ಒಳಗಿನ ಕೋಣೆಗೆ ಸೀರೆಯ ಪರದೆ, ಅದರಾಚೆ ಕೂಸಿನ ಅಳು. ನನ್ನ ಕನ್ನಡ ಕೇಳಿದ್ದೇ ಒಲೆಯ ಮುಂದೆ ಕೂತಿದ್ದ ಹೆಂಗಸು ಚಹಾಕ್ಕಿಟ್ಟಳು.

"ಈ ಮನಿ ನೀವೇ ತಗೋತೀರೇನ್ರಿ?"

"ನೋಡ್ಲಿಕತ್ತೀವಿ ಅವ್ವಾ."

ಅವಳ ಮುಖ ಇಳಿಯಿತು. "ಮಗಳು ಬಾಣಂತಿ ಅದಾಳ್ರಿ. ಥಂಡಿ ಹೋಗೋ ತನಕ ಬರಬ್ಯಾಡ್ರಿ ಯಪ್ಪಾ. ಕೆಳಗಿನ ತಗಡಿನ ಶೆಡ್ಡಿನ್ಯಾಗ ಕೂಸಿಗಿ ಗಾಳಿ ಹತ್ತತದ."

ನಾನು ಚಹಾದ ಲೋಟ ಕೆಳಗಿಟ್ಟೆ. ಇಷ್ಟು ದಿನ ನಾನು ಹೆದರುತ್ತಿದ್ದೆ. ಈಗ ನನಗೇ ಹೆದರುವವರಿದ್ದಾರೆ! ಅದೂ ಬ್ಯಾಂಕಿನವರು ಸಾಲ ಕೊಡಲು ಹಿಂದೆ ಮುಂದೆ ನೋಡುತ್ತಿರುವಾಗ.

ಸುಜಾತಾ ಅವಳ ಕೈ ಹಿಡಿದುಕೊಂಡಳು. "ಕಾಳಜೀ ಕರೂ ನಕಾ ಮೌಶಿ, ಚಿಂತಿ ಮಾಡಬ್ಯಾಡ್ರಿ. ನಾವು... ಲವಕರ, ಜಲ್ದಿ ಬರಂಗಿಲ್ಲ."

ಆಮೇಲೆ ಸಾಲವೂ ಸಿಗದೆ ಸಿನ್ನರ್ ರಸ್ತೆಯಲ್ಲಿ ಇನ್ನೂ ಚಿಕ್ಕದೊಂದು ಬಾಡಿಗೆ ಮನೆ ಹಿಡಿದೆವು. ಚಿಂತೆಯನ್ನೂ ಸಾಮಾನಿನ ಜೊತೆಗೇ ಸಾಗಿಸಿದೆವು. ಆದರೂ ಥಂಡಿ ಬಿದ್ದ ಮುಂಜಾನೆ ಸುಜಾತಾ, "ಪರದೆ ದಪ್ಪ ಇತ್ತಲ್ಲ?" ಎಂದು ಕೇಳುತ್ತಾಳೆ. ಇತ್ತು ಎನ್ನುತ್ತೇನೆ. ಕೊಳ್ಳಲಾಗದ ಮನೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟೆವೆಂದು ಬೀಗುವುದು ತಮಾಷೆಯೇ ಸರಿ. ಆದರೆ ಇಡೀ ನಾಸಿಕದಲ್ಲಿ ನಮ್ಮ ಮಾತು ನಡೆದ ಮನೆ ಅದೊಂದೇ.