ಎರಡು ಜಡೆ, ಕೆಂಪು ರಿಬ್ಬನ್

ನನ್ನ ಹೆಂಡತಿಗೆ ಮುಂಬಯಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಾಗ ನಮ್ಮ ಮಗಳಿಗೆ ಆರು ವರ್ಷ, ಮಗನಿಗೆ ಇನ್ನೂ ಎರಡು ತುಂಬಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಡೊಂಬಿವ್ಲಿಯ ಪೂರ್ವಕ್ಕೆ, ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದ ಒಂದು ಚಾಳಿನಲ್ಲಿ ನಮ್ಮ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಎಲ್ಲ ಮನೆಗಳಿಗೂ ಸೇರಿದ ಉದ್ದನೆಯ ಗ್ಯಾಲರಿ. ನಾನು ಠಾಣೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದೆ. ವಿಜಾಪುರದ ಕಡೆಯಿಂದ ಬಂದ ನಮಗೆ ಮಕ್ಕಳನ್ನು ನೋಡಿಕೊಳ್ಳಲು ಅಲ್ಲಿ ನಮ್ಮವರು ಅಂತ ಯಾರೂ ಇರಲಿಲ್ಲ.

"ಕೆಲಸ ಬ್ಯಾಡ ಅಂದ್ಬಿಡ್ಲೇನ್ರೀ?" ಎಂದು ಅವಳು ಕೇಳಿದಳು. ಬೇಡ ಅನ್ನಲು ಅವಳಿಗೆ ಸ್ವಲ್ಪವೂ ಮನಸ್ಸಿಲ್ಲ ಎನ್ನುವುದು ಆ ಮುಖದಲ್ಲೇ ಕಾಣುತ್ತಿತ್ತು.

"ಯಾಕ ಬ್ಯಾಡ ಅಂತಿ? ನಾ ಸೆಕೆಂಡ್ ಶಿಫ್ಟ್ ತಗೋತೀನಿ. ಮುಂಜಾನೆ ನಾ ಇರ್ತೀನಿ, ಸಂಜೀಕ ನೀ ಇರ್ತಿ. ನಡುವ ಒಂದೀಟು ಹೊತ್ತು ಕಾಕೂ ನೋಡ್ಕೋತಾರ."

ಕಾಕೂ ಎಂದರೆ ಪಕ್ಕದ ಮನೆಯ ವಯಸ್ಸಾದ ಮರಾಠಿ ಹೆಂಗಸು. ಅವರ ಮಕ್ಕಳೆಲ್ಲ ದೊಡ್ಡವರಾಗಿ ಬೇರೆ ಕಡೆ ಇದ್ದರು. ನಮ್ಮ ಮಗ ಹೆಚ್ಚು ಕಡಿಮೆ ಅವರ ಮಡಿಲಲ್ಲೇ ಬೆಳೆದವನು.

ಹೀಗೆ ನಾವು ಗಂಡ ಹೆಂಡತಿ ಸಂಸಾರವನ್ನು ಎರಡು ಪಾಳಿ ಮಾಡಿ ಹಂಚಿಕೊಂಡೆವು. ಅವಳು ಬೆಳಗು ಹರಿಯುವ ಮೊದಲೇ ಲೋಕಲ್ ಹಿಡಿಯಬೇಕು. ಹೋಗುವ ಮೊದಲು ಚಪಾತಿ ಪಲ್ಯ ಮಾಡಿಡುತ್ತಿದ್ದಳು. ಮಕ್ಕಳನ್ನು ಎಬ್ಬಿಸುವುದು, ಸ್ನಾನ ಮಾಡಿಸುವುದು, ನಲ್ಲಿ ನಿಲ್ಲುವುದರೊಳಗೆ ನೀರು ತುಂಬುವುದು, ಮಗಳನ್ನು ಶಾಲೆಗೆ ಬಿಡುವುದು ನನ್ನ ಪಾಳಿ. ಇದೆಲ್ಲ ನನಗೆ ಬೇಗ ರೂಢಿಯಾಯಿತು. ಮಗನಿಗೆ ಅನ್ನ ಕಲಸಿ ತಿನ್ನಿಸುವುದೂ ಬಂತು. ಬಾರದೆ ಉಳಿದದ್ದು ಒಂದೇ: ಮಗಳ ಜಡೆ.

ಅವಳ ಕೂದಲು ಅಮ್ಮನಂತೆ, ದಟ್ಟ, ಸೊಂಟ ಮುಟ್ಟುವಷ್ಟು ಉದ್ದ. ಶಾಲೆಯಲ್ಲಿ ಎರಡು ಜಡೆ ಹಾಕಿ, ಕೆಂಪು ರಿಬ್ಬನ್ನಿನಿಂದ ಮೇಲಕ್ಕೆ ಮಡಚಿ ಕಟ್ಟಿಕೊಂಡೇ ಬರಬೇಕು. ಮೊದಲ ಕೆಲವು ದಿನ ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ಮಗಳು ನಿದ್ದೆಯಲ್ಲಿರುವಾಗಲೇ ಪಕ್ಕದಲ್ಲಿ ಕೂತು ಜಡೆ ಹೆಣೆದು ಹೋಗುವುದು. ಆದರೆ ಮಲಗಿದ ಮಗುವಿನ ತಲೆಯಲ್ಲಿ ಕೈಗೆ ಸಿಗುವುದು ಒಂದೇ ಪಕ್ಕ. ಆ ಪಕ್ಕ ಮುಗಿಸಿ ಮೆಲ್ಲಗೆ ಹೊರಳಿಸಲು ಹೋದರೆ ಅವಳು ಗೊಣಗಿ ಮತ್ತೆ ಮೊದಲಿನಂತೆಯೇ ಮಲಗುತ್ತಿದ್ದಳು. ರೈಲಿಗೆ ಹೊತ್ತಾಗುತ್ತಿತ್ತು. ಹೀಗಾಗಿ ನಮ್ಮ ಮಗಳು ಏಳುವಾಗ ಒಂದು ಕಡೆ ಅಚ್ಚುಕಟ್ಟಾದ ಜಡೆ, ಇನ್ನೊಂದು ಕಡೆ ಕಾಗೆಗೂಡು. ಆ ಕಾಗೆಗೂಡನ್ನು ನಾನು ಒಟ್ಟುಗೂಡಿಸಿ ರಿಬ್ಬನ್ನಿನಿಂದ ಬಿಗಿಯಾಗಿ ಕಟ್ಟಿ ಕಳಿಸುತ್ತಿದ್ದೆ.

ಒಂದು ದಿನ ಶಾಲೆಯ ಬಾಗಿಲಲ್ಲಿ ನಿಂತಿದ್ದ ಬಾಯಿ, ಅಂದರೆ ಅವಳ ಟೀಚರು, ಮಗಳ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಏಕಚ್ ವೇಣೀ?" ಎಂದರು. ಒಂದೇ ಜಡೆಯೇ ಎಂದು ಅವರು ಕೇಳಿದ್ದು ನನ್ನನ್ನಲ್ಲ, ಮಗಳನ್ನು. ಅವಳು ತಕ್ಷಣ ಮರಾಠಿಯಲ್ಲೇ ಉತ್ತರ ಕೊಟ್ಟಳು: ಇದು ಮಮ್ಮಿಯದು, ಇದು ಪಪ್ಪಾದು, ಪಪ್ಪಾ ಇನ್ನೂ ಕಲಿಯುತ್ತಿದ್ದಾರೆ. ಬಾಯಿ ನನ್ನ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಆದರೆ ನಾನು ಕಲಿಯುತ್ತಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಮಗಳೇ ನನ್ನ ಪರವಾಗಿ ಮಾತು ಕೊಟ್ಟುಬಿಟ್ಟಿದ್ದಳು. ಇನ್ನು ಕಲಿಯದೆ ಬೇರೆ ದಾರಿಯಿರಲಿಲ್ಲ.

ಕಾಕೂ ಬಳಿ ಹೋಗಿ ಕೇಳಿದೆ. ಅವರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಒಳಗಿನಿಂದ ಒಂದು ಸೋಲಾಪುರ ಚಾದರ ತಂದರು. ಅದರ ಅಂಚಿನ ಉದ್ದನೆಯ ಕುಚ್ಚುಗಳನ್ನು ಬಿಡಿಸಿ, ಮೂರು ಎಳೆ ನನ್ನ ಕೈಗೆ ಕೊಟ್ಟು, ಮೊದಲು ಇದರ ಮೇಲೆ ಕೈ ಕೂರಲಿ, ಮಗುವಿನ ತಲೆ ಆಮೇಲೆ ಎಂದರು. ಬಲಗಡೆಯದು ನಡುವಿಗೆ, ಎಡಗಡೆಯದು ನಡುವಿಗೆ. ಕೇಳಲು ಇಷ್ಟೇ. ಕಬ್ಬಿಣವನ್ನು ಕೂದಲೆಳೆಯಷ್ಟು ನಿಖರವಾಗಿ ಕಡೆಯುವ ನನ್ನ ಬೆರಳುಗಳು ಈ ಎಳೆಗಳು ಕೈಗೆ ಬಂದಾಗ ಮರದ ಕೊರಡಿನಂತಾಗುತ್ತಿದ್ದವು. ಮೂರು ಎಳೆಗಳಲ್ಲಿ ಒಂದು ಯಾವಾಗಲೋ ಜಾರಿ ಹೋಗುತ್ತಿತ್ತು, ಇಲ್ಲವೇ ಎಲ್ಲಿಂದಲೋ ನಾಲ್ಕನೆಯದು ಬಂದು ಸೇರುತ್ತಿತ್ತು.

ನಮ್ಮ ಮನೆಯಲ್ಲೂ ಅಂಥ ಎರಡು ಚಾದರಗಳಿದ್ದವು. ಮಗ ಮಲಗಿದ ಹೊತ್ತಿನಲ್ಲಿ, ಹಾಲು ಕಾಯುವ ಹೊತ್ತಿನಲ್ಲಿ ಕೂತು ಹೆಣೆಯುತ್ತಿದ್ದೆ. ಒಂದು ಭಾನುವಾರ ಚಾದರ ಒಗೆಯಲು ತೆಗೆದ ನನ್ನ ಹೆಂಡತಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತುಬಿಟ್ಟಳು. ಈ ತುದಿಯಿಂದ ಆ ತುದಿಯವರೆಗೆ ಸಾಲಾಗಿ ಪುಟ್ಟ ಪುಟ್ಟ ಜಡೆಗಳು.

"ಇದೇನ್ರೀ ಇದು! ಚಾದರಕ್ಕ ಲಗ್ನಾ ಮಾಡೋರದೀರೇನು?"

"ಪ್ರ್ಯಾಕ್ಟೀಸು," ಎಂದೆ.

ಅವಳು ಒಂದೊಂದೇ ಜಡೆಯನ್ನು ಮುಟ್ಟಿ ನೋಡುತ್ತ ಹೋದಳು. "ಈ ಕಡಿವು ಛಲೋ ಆಗ್ಯಾವ. ನಾಳೆಯಿಂದ ಕೂಸಿಗೆ ಹಾಕ್ರಿ," ಎಂದಳು. ನನಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು.

ಮರುದಿನದಿಂದ ಗ್ಯಾಲರಿಯಲ್ಲಿ ನಮ್ಮ ಅಂಗಡಿ ಶುರುವಾಯಿತು. ಬೆಳಕು ಚೆನ್ನಾಗಿ ಬೀಳುವ ಜಾಗ ನೋಡಿ ನಾನು ಮಣೆಯ ಮೇಲೆ ಕೂರುತ್ತಿದ್ದೆ, ಮಗಳು ನನ್ನ ಮೊಣಕಾಲುಗಳ ನಡುವೆ ಬೆನ್ನು ಮಾಡಿ ಕೂರುತ್ತಿದ್ದಳು. ಮಗ ರಿಬ್ಬನ್ ಬಾಯಿಗೆ ತುರುಕಿಕೊಂಡು ಓಡಾಡುತ್ತಿದ್ದ. ಕಟ್ಟುವ ಹೊತ್ತಿಗೆ ಅವನನ್ನು ಹಿಡಿದು, ಬಾಯಿಯಿಂದ ಎಳೆದು, ಒದ್ದೆ ರಿಬ್ಬನ್ನನ್ನು ನನ್ನ ಬನಿಯನ್ನಿಗೆ ಒರೆಸಿ ಕಟ್ಟುತ್ತಿದ್ದೆ. ಆಫೀಸಿಗೆ ಹೊರಟ ಗಂಡಸರು ನಮ್ಮನ್ನು ದಾಟಿಯೇ ಮೆಟ್ಟಿಲಿಳಿಯಬೇಕು. ಕೊನೆಯ ಮನೆಯವರೊಬ್ಬರು ದಿನಾ ನಿಂತು ಹಿಂದಿಯಲ್ಲಿ, "ಕ್ಯಾ ಭಾಯಿಸಾಬ್, ಪಾರ್ಲರ್ ಖೋಲಾ ಕ್ಯಾ?" ಎಂದು, ಪಾರ್ಲರ್ ತೆರೆದಿರೇನು ಅಂತ ಕೆಣಕುತ್ತಿದ್ದರು. ಮಗಳು ತಲೆ ಎತ್ತದೆಯೇ, "ಹಾಂ ಅಂಕಲ್, ಆಪ್ ಭೀ ಬೈಠೋ," ಎಂದು ಅವರನ್ನೂ ಕೂರಲು ಕರೆದಳು ಒಂದು ದಿನ. ಅವರ ತಲೆ ಪೂರ್ತಿ ಬೋಳು. ಗ್ಯಾಲರಿಯ ಈ ತುದಿಯಿಂದ ಆ ತುದಿಯವರೆಗೆ ನಗೆ ಎದ್ದಿತು. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಜಡೆ ಹಾಕುವ ಹೊತ್ತು ಮಾತಿನ ಹೊತ್ತೂ ಆಗಿತ್ತು. ಶಾಲೆಯಲ್ಲಿ ಯಾರ ಹಲ್ಲು ಬಿತ್ತು, ಯಾರು ಯಾರ ಜೊತೆ ಟೂ ಬಿಟ್ಟರು, ಆಕಾಶಕ್ಕೆ ಮೇಲೆ ಮುಚ್ಚಳ ಇದೆಯೋ ಇಲ್ಲವೋ, ಎಲ್ಲ ನನಗೆ ಗೊತ್ತಾಗುತ್ತಿದ್ದುದು ಆಗಲೇ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಹೇಳುತ್ತಿದ್ದಳು. ಮುಖ ಕಾಣದಿದ್ದರೆ ಮಕ್ಕಳು ಹೆಚ್ಚು ಮಾತಾಡುತ್ತವೆ ಎನ್ನುವುದನ್ನು ನಾನು ಅವಳ ಹಿಂದಲೆಯಿಂದ ಕಲಿತೆ.

ಆ ಚಳಿಗಾಲದಲ್ಲಿ ಊರಿಂದ ನನ್ನ ಅವ್ವ ಬಂದಳು. ಕಟಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹೊತ್ತು ಕಲ್ಯಾಣದಲ್ಲಿ ಇಳಿದವಳನ್ನು ಕರೆದುಕೊಂಡು ಬಂದೆವು. ಮರುದಿನ ಬೆಳಿಗ್ಗೆ ಅವಳು ಚಹಾ ಕುಡಿಯುತ್ತ ನಮ್ಮ ಗ್ಯಾಲರಿಯ ಅಂಗಡಿಯನ್ನು ನೋಡಿದಳು. ಬಟ್ಟಲು ಕೆಳಗಿಟ್ಟು ಕೇಳಿದಳು, "ಸೊಸಿ ಎಲ್ಲಿ?"

"ಡ್ಯೂಟಿಗೆ ಹೋಗ್ಯಾಳ ಅವ್ವಾ."

"ದಿನಾ ನೀನs ಹಾಕ್ತಿ?"

"ದಿನಾ."

"ನಿಮ್ಮಪ್ಪ ನಿನ್ನ ಒಮ್ಮಿನೂ ಬಗಲಾಗ ಎತ್ಕೊಂಡಾಂವಲ್ಲ," ಎಂದು ಎದ್ದು ಒಳಗೆ ಹೋದಳು. ಅದು ದೂರೋ ಮೆಚ್ಚುಗೆಯೋ ತಿಳಿಯದೆ ನಾನು ಬಾಚಣಿಗೆ ಹಿಡಿದು ಕೂತೆ.

ನಮ್ಮ ಮಕ್ಕಳ ಮಾತು ಅವಳನ್ನು ಇನ್ನೂ ಗಾಬರಿಗೊಳಿಸಿತು. ಮಗ ಅಕ್ಕನನ್ನು ಮರಾಠಿಯವರಂತೆ 'ತಾಯೀ' ಎಂದು ಕರೆಯುತ್ತಿದ್ದ. "ಅಕ್ಕಗ ತಾಯಿ ಅಂತೈತಲ್ಲೋ ಕೂಸು! ಹಡದಾಕಿಗೆ ಏನ ಅಂತೈತಿ?" ಎಂದಳು ಅವ್ವ. ಹಡೆದವಳಿಗೆ ಮಮ್ಮಿ ಅನ್ನುತ್ತಾನೆ ಎಂದು ಹೇಳಿದಾಗ ಹಣೆಗೆ ಕೈ ಹಚ್ಚಿಕೊಂಡಳು.

ಅವಳಿಗೆ ಬಲ ರಟ್ಟೆಯ ನೋವಿತ್ತು, ಕೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಎಣ್ಣೆ ಸ್ನಾನ ಮಾಡಿದ ದಿನ ಗ್ಯಾಲರಿಯ ಬಿಸಿಲಲ್ಲಿ ಕೂತು ಒಂದೇ ಕೈಯಲ್ಲಿ ಒದ್ದಾಡುತ್ತಿದ್ದಳು. ಮಗಳು ಹೋಗಿ ಬಾಚಣಿಗೆ ಕಿತ್ತುಕೊಂಡಳು. ಮೊದಲ ಸಲ ಪೂರ್ತಿ ಕನ್ನಡದಲ್ಲಿ ಹೇಳಿದಳು, "ಅಜ್ಜೀ, ಪಪ್ಪಾ ಹಾಕ್ತಾರ. ನೋಯಂಗಿಲ್ಲ."

ಅವ್ವ ಬೇಡ ಬೇಡ ಎಂದಳು. ಆಚೆ ಈಚೆ ನೋಡಿದಳು. ಕೊನೆಗೆ ನನ್ನ ಮುಂದೆ ಬಂದು, ಮೊಮ್ಮಗಳು ಕೂರುವ ಹಾಗೆಯೇ ಬೆನ್ನು ತಿರುಗಿಸಿ ಕೂತಳು. ಅವಳ ಕೂದಲು ಇಷ್ಟು ತೆಳುವಾಗಿದ್ದು ನನಗೆ ಗೊತ್ತೇ ಇರಲಿಲ್ಲ. ಮೂರು ಎಳೆ ಮಾಡಿದರೆ ಬೆರಳಿಗೆ ದಾರದಷ್ಟು ಸಿಗುತ್ತಿತ್ತು. ಮೆಲ್ಲಗೆ ಹೆಣೆಯತೊಡಗಿದೆ.

"ಜಗ್ಗಬ್ಯಾಡಲೇ," ಎಂದಳು. ಸ್ವಲ್ಪ ಹೊತ್ತಿಗೆ ಅವಳ ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೇನೋ ಎಂದು ಬಗ್ಗಿ ನೋಡಿದರೆ, ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಮುಗಿದ ಮೇಲೆ ಸೀದಾ ಕಾಕೂ ಮನೆಗೆ ಹೋದಳು. ಅವರಿಬ್ಬರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬಾರದು. ಅವ್ವ ತನ್ನ ಜಡೆ ಮುಂದಕ್ಕೆ ಎಳೆದು ತೋರಿಸಿ, ಆಮೇಲೆ ನನ್ನ ಕಡೆ ಬೆರಳು ಮಾಡಿದಳು. ಕಾಕೂ ತಮ್ಮ ಎದೆ ಮುಟ್ಟಿಕೊಂಡು, ಕಲಿಸಿದವಳು ನಾನು ಎಂಬಂತೆ ತಲೆಯಾಡಿಸಿದರು. ಅಂದಿನಿಂದ ಇಬ್ಬರೂ ಗೆಳತಿಯರು.

ಅವ್ವ ಇದ್ದಾಗಲೇ ಶಾಲೆಯ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಬಂತು. ಮಗಳು ಮೀನುಗಾರರ ಕೋಳೀ ನೃತ್ಯದಲ್ಲಿದ್ದಳು. "ಕೋಳೀ ಡ್ಯಾನ್ಸ್ ಮಾಡ್ತಾಳ" ಎಂದು ಹೇಳಿದಾಗ ಅವ್ವ, "ಕೋಳಿ ಹಂಗ ಕುಣಿಯೂದನ್ನ ನೋಡ್ಲಿಕ್ಕ ಸಾಲಿಗೆ ಹೋಗಬೇಕೇನು? ಊರಾಗ ಹಿತ್ತಲದಾಗ ಬೇಕಾದಷ್ಟು ಕುಣೀತಾವ," ಎಂದಳು. ಇದು ಮೀನು ಹಿಡಿಯುವವರ ಕುಣಿತ ಎಂದು ತಿಳಿಸುವಷ್ಟರಲ್ಲಿ ನಾವೆಲ್ಲ ನಕ್ಕು ಸುಸ್ತಾಗಿದ್ದೆವು.

ಹೆಂಡತಿಗೆ ರಜೆ ಸಿಗಲಿಲ್ಲ, ಡ್ಯೂಟಿ ಮುಗಿಸಿ ರೈಲಿನಿಂದ ನೇರ ಶಾಲೆಗೆ ಬರುತ್ತೇನೆ ಎಂದಿದ್ದಳು. ನಾನು ರಜೆ ಹಾಕಿ, ಮಗನನ್ನು ಎತ್ತಿಕೊಂಡು, ಅವ್ವನ ಕೈ ಹಿಡಿದು ಮಗಳ ಜೊತೆ ಹೋದೆ. ಅಲ್ಲಿ ಹೋದ ಮೇಲೆ ತಿಳಿಯಿತು, ಈ ಕುಣಿತಕ್ಕೆ ಜಡೆಯಲ್ಲ, ತುರುಬು ಕಟ್ಟಿ ಹೂವು ಸುತ್ತಬೇಕು. ತುರುಬು ನನ್ನ ಪಾಠದಲ್ಲೇ ಇರಲಿಲ್ಲ. ಹುಡುಗಿಯರನ್ನು ಸಿಂಗರಿಸುವ ಕೋಣೆಯ ತುಂಬ ತಾಯಂದಿರು. ಬಾಗಿಲಲ್ಲಿ ಒಬ್ಬ ಟೀಚರು ನನ್ನನ್ನು ತಡೆದು, ಗಂಡಸರು ಹೊರಗೆ ಎಂದರು. ಅವ್ವ ಮುಂದೆ ನುಗ್ಗಿ ದೊಡ್ಡ ದನಿಯಲ್ಲಿ ಕನ್ನಡದಲ್ಲೇ ಹೇಳಿದಳು:

"ಇಂವ ಗಂಡಸಲ್ಲವಾ, ಇಂವ ಅಪ್ಪ!"

ಟೀಚರಿಗೆ ಒಂದು ಪದವೂ ತಿಳಿಯಲಿಲ್ಲ. ಆದರೂ ದಾರಿ ಬಿಟ್ಟರು.

ಕೈ ಏಳದ ಅವ್ವ ಹಿಂದೆ ನಿಂತು ಹೇಳುತ್ತಿದ್ದಳು, "ತಿರುವು. ಇನ್ನೂ ತಿರುವು. ಗಟ್ಟಿ ಹಿಡಿ. ಈಗ ಸುತ್ತು. ತುದಿ ಒಳಗ ಸಿಗಸು." ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ನಾನು ತಿರುವಿದೆ, ಸುತ್ತಿದೆ, ಸಿಗಿಸಿದೆ. ಪಕ್ಕದ ತಾಯಿಯೊಬ್ಬರು ನನ್ನ ಮಗನನ್ನು ಸ್ವಲ್ಪ ಹೊತ್ತು ಎತ್ತಿಕೊಂಡರು. ತುರುಬು ನಿಂತಿತು. ಹೂವು ಸುತ್ತಿದ ಮೇಲಂತೂ ಬೇರೆಯವರ ತುರುಬಿಗಿಂತ ನಮ್ಮದೇ ದೊಡ್ಡದಾಗಿ ಕಂಡಿತು.

ಪರದೆ ಎದ್ದಿತು. ಹುಡುಗಿಯರು ಸಾಲಾಗಿ ಹುಟ್ಟು ಹಾಕುವಂತೆ ಕೈ ಬೀಸುತ್ತ ಬಂದರು. ಮುಂದಕ್ಕೆ ಬಗ್ಗಿದರು, ಹಿಂದಕ್ಕೆ ವಾಲಿದರು. ಎರಡನೆಯ ಸಲ ಹಿಂದಕ್ಕೆ ವಾಲಿದಾಗ ನಮ್ಮ ತುರುಬು ಸಡಿಲಿತು. ಮೂರನೆಯ ಸಲಕ್ಕೆ ಪೂರ್ತಿ ಬಿಚ್ಚಿ, ಕೂದಲು ಬೆನ್ನ ತುಂಬ ಹರಡಿ, ಹೂವಿನ ದಂಡೆ ವೇದಿಕೆಯ ಮೇಲೆ ಬಿತ್ತು. ಮಗಳು ನಿಂತಳು. ಕೆಳಗೆ ನೋಡಿದಳು. ಬಗ್ಗಿ ದಂಡೆ ಎತ್ತಿ, ಕೊರಳಿಗೆ ಹಾಕಿಕೊಂಡು, ಓಡಿ ಹೋಗಿ ಸಾಲು ಸೇರಿ ಮತ್ತೆ ಹುಟ್ಟು ಹಾಕತೊಡಗಿದಳು. ಬಿಚ್ಚಿದ ಕೂದಲು ಅತ್ತಿತ್ತ ಹಾರುತ್ತಿತ್ತು, ಅವಳು ಹಲ್ಲು ಬಿಟ್ಟು ನಗುತ್ತಿದ್ದಳು. ಸಭೆ ಎಲ್ಲ ಚಪ್ಪಾಳೆ. ನನ್ನ ಬಗಲಲ್ಲಿದ್ದ ಮಗ "ತಾಯೀ! ತಾಯೀ!" ಎಂದು ಕಿರುಚಿದ. ಅವ್ವ ಪಕ್ಕದ ಅಪರಿಚಿತ ಹೆಂಗಸಿನ ತೊಡೆ ತಟ್ಟಿ, "ನಮ್ಮಾಕಿ, ನಮ್ಮಾಕಿ" ಎನ್ನುತ್ತಿದ್ದಳು.

ತಿರುಗಿ ನೋಡಿದರೆ ಹಿಂದಿನ ಬಾಗಿಲಲ್ಲಿ ನನ್ನ ಹೆಂಡತಿ, ಹೆಗಲಲ್ಲಿ ಪರ್ಸು, ಬೆವೆತ ಮುಖ, ಎತ್ತಿದ ಕೈಗಳಲ್ಲಿ ಚಪ್ಪಾಳೆ.

"ತುರುಬು ಕಟ್ಟಿದವ್ರು ಯಾರು?" ಎಂದು ಹತ್ತಿರ ಬಂದು ಕೇಳಿದಳು.

"ನಾನs."

"ಗೊತ್ತಾತು ಬಿಡ್ರಿ," ಎಂದು ನಕ್ಕು ಮಗನನ್ನು ಎತ್ತಿಕೊಂಡಳು.

ಸ್ಟೇಷನ್ ರಸ್ತೆಯಲ್ಲಿ ಐದೂ ಜನ ನಿಂತು ಬಿಸಿ ವಡಾಪಾವ್ ತಿಂದೆವು. ಅವ್ವ ಪಾವನ್ನು ನನಗೆ ಕೊಟ್ಟು ಬರೀ ವಡೆ ತಿಂದಳು, ಆಮೇಲೆ ಇನ್ನೊಂದು ಕೇಳಿದಳು.

ಕೆಲವು ವರ್ಷಗಳ ಮೇಲೆ ನನ್ನ ಹೆಂಡತಿಯ ಪಾಳಿ ಬದಲಾಯಿತು, ಬೆಳಿಗ್ಗೆ ಅವಳೇ ಮನೆಯಲ್ಲಿರುತ್ತಿದ್ದಳು. ಜಡೆ ಹಾಕಲು ಕರೆದರೆ ಮಗಳು, "ಮಮ್ಮಿ ಎಳೀತಾಳ" ಎಂದು ನನ್ನ ಹತ್ತಿರವೇ ಬರುತ್ತಿದ್ದಳು. ಹೆಂಡತಿ ಮುನಿಸಿಕೊಂಡಂತೆ ಮಾಡಿ, ಆ ಹೊತ್ತಿನಲ್ಲಿ ಆರಾಮವಾಗಿ ಕೂತು ಚಹಾ ಕುಡಿಯುತ್ತಿದ್ದಳು.

ಆಮೇಲೊಂದು ಬೇಸಿಗೆ ರಜೆಯಲ್ಲಿ ಮಗಳು ಅಮ್ಮನನ್ನು ಒಪ್ಪಿಸಿ, ಗೆಳತಿಯರಂತೆ ಕುತ್ತಿಗೆಯವರೆಗೆ ಕೂದಲು ಕತ್ತರಿಸಿಕೊಂಡು ಬಂದಳು. ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತೆ. ನನ್ನ ಮುಖ ನೋಡಿ ಅವಳಿಗೆ ಪಾಪ ಎನಿಸಿರಬೇಕು. ಹತ್ತಿರ ಬಂದು ನನ್ನ ಕೈ ಸವರಿ ಸಮಾಧಾನ ಮಾಡಿದಳು, "ಕೇಸ್ ಪರತ್ ಯೇತೀಲ್, ಪಪ್ಪಾ." ಕೂದಲು ಮತ್ತೆ ಬರುತ್ತವಂತೆ. "ಅಲ್ಲೀವರೆಗೂ ತಮ್ಮಗ ಹಾಕ್ರಿ," ಎಂದು ಅವನ ಕಡೆ ಬೆರಳು ಮಾಡಿದಳು. ಅಷ್ಟರಲ್ಲಿ ಅವನು ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಮಂಚದ ಕೆಳಗೆ ಸೇರಿಯಾಗಿತ್ತು.