ಕಾಕುವಿನ ಹರವಿ ಬೆವರದ ಬೇಸಿಗೆ

ನಾನು ಚಿಕ್ಕವಳಿದ್ದಾಗ ನನಗೊಬ್ಬರು ವೈರಿ ಇದ್ದರು. ಅವರಿಗೆ ಆಗ ಐವತ್ತು ದಾಟಿತ್ತು, ನನಗೆ ಒಂಬತ್ತು ತುಂಬಿತ್ತು. ಅವರು ನಮ್ಮ ಎದುರು ಮನೆಯ ಕಾಕು. ನಮ್ಮ ಕಡೆ ಚಿಕ್ಕಮ್ಮನಿಗೆ ಕಾಕು ಎನ್ನುತ್ತಾರೆ, ಆದರೆ ಅವರು ನಮಗೆ ನೆಂಟರೇನೂ ಅಲ್ಲ, ಓಣಿಗೆಲ್ಲ ಕಾಕು. ನಾನು ಅವರ ಮೇಲೆ ಹೇಗೆ ಸೇಡು ತೀರಿಸಿಕೊಂಡೆ ಎಂಬುದನ್ನು ಈವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಈಗ ನಿಮಗೆ ಹೇಳುತ್ತೇನೆ. ಒಂದು ಕಾರಣ, ಕಾಕು ಈಗಿಲ್ಲ. ಇನ್ನೊಂದು ಕಾರಣ, ನೀವು ನಿಮ್ಮ ಅಜ್ಜಿಯನ್ನು ಬಹಳ ಒಳ್ಳೆಯವಳೆಂದು ತಿಳಿದುಕೊಂಡಿದ್ದೀರಿ.

ನಮ್ಮೂರು ಹುಕ್ಕೇರಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ. ಆ ಬೇಸಿಗೆಯಲ್ಲಿ ಬೆಳಗಿನ ಹತ್ತು ಗಂಟೆಗೇ ಓಣಿಯ ಮಣ್ಣು ಕಾಲು ಸುಡುತ್ತಿತ್ತು. ಚಪ್ಪಲಿ ಇಲ್ಲದ ನಾವು ಒಂದು ಮನೆಯ ನೆರಳಿನಿಂದ ಇನ್ನೊಂದು ಮನೆಯ ನೆರಳಿಗೆ ಜಿಗಿದು ಓಡುತ್ತಿದ್ದೆವು. ಬಾಗಿಲ ಚಿಲಕ ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ಹಂಚಿನ ಮೇಲೆ ಕಾಗೆಗಳು ಬಾಯಿ ತೆರೆದುಕೊಂಡು ಕೂತಿರುತ್ತಿದ್ದವು, ಕೂಗುತ್ತಿರಲಿಲ್ಲ. ಮಧ್ಯಾಹ್ನ ಗಾಳಿ ಬೀಸಿದರೆ ಒಲೆಯ ಮುಂದೆ ಕೂತ ಹಾಗೆ ಮುಖಕ್ಕೆ ಬಡಿಯುತ್ತಿತ್ತು, ಹೊತ್ತು ತಂದ ಧೂಳನ್ನು ಕಂಡ ಕಂಡ ಸಾಮಾನಿನ ಮೇಲೆ ಇಟ್ಟು ಹೋಗುತ್ತಿತ್ತು.

ಇಡೀ ಓಣಿಗೆ ತಂಪಾದ ಜಾಗ ಒಂದೇ, ಕಾಕುವಿನ ಮನೆಯ ಕಟ್ಟೆ. ಅದರ ಮೇಲೆ ಬೇವಿನ ಮರದ ನೆರಳಿತ್ತು. ನೆರಳಿನಲ್ಲಿ, ಮರಳಿನ ಗುಡ್ಡೆಯ ಮೇಲೆ, ಅವರ ಹರವಿ ಇತ್ತು. ಹರವಿ ಎಂದರೆ ಕುಡಿಯುವ ನೀರಿಡುವ ಮಣ್ಣಿನ ದೊಡ್ಡ ಕೊಡ. ಅದನ್ನು ಕಾಕುವಿನ ಮಗಳು ಗೋಕಾಕದಿಂದ ಕಳಿಸಿದ್ದಳು. ಹರವಿಯ ಮೈಮೇಲೆ ಯಾವಾಗಲೂ ಸಣ್ಣ ಸಣ್ಣ ಹನಿ ಇರುತ್ತಿದ್ದವು, ಕೆಳಗಿನ ಮರಳು ಒದ್ದೆಯಾಗಿ ಕಪ್ಪಗಿರುತ್ತಿತ್ತು. ಅದರ ನೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು. ಊಟವಾದ ಮೇಲೆ ಓಣಿಯ ಹೆಂಗಸರೆಲ್ಲ ಅಲ್ಲಿ ಬಂದು ಕೂರುತ್ತಿದ್ದರು. ಮಾತು ದಿನವೂ ಬಿಸಿಲಿನಿಂದಲೇ ಶುರುವಾಗುತ್ತಿತ್ತು.

"ನಮ್ಮ ಎಮ್ಮಿ ಹಳ್ಳದಾಗಿಂದ ಏಳವಲ್ದ ನೋಡ್ರಿ. ಹಾಲ ಹಿಂಡಾಕ ನಾನ ಹಳ್ಳಕ್ಕ ಇಳೀಬೇಕಾಗೇತಿ."

"ರೊಟ್ಟಿ ಬಡದ ಮಾಳಿಗಿ ಮ್ಯಾಲ ಒಗೀರಿ, ಬೇಯತಾವ. ಕಟಗಿ ಉಳೀತಾವ."

"ಹಿಡಕಲ್ ಡ್ಯಾಮಿನಾಗ ತಳಾ ಕಾಣಾಕತ್ತೈತಂತ."

ಇದನ್ನೆಲ್ಲ ಕೇಳುತ್ತಾ ಕಾಕು ಹರವಿಯ ಪಕ್ಕದಲ್ಲಿ ಕೂತು, ಬಂದವರಿಗೆ ತಾಮ್ರದ ತಂಬಿಗೆಯಲ್ಲಿ ನೀರು ಕೊಡುತ್ತಿದ್ದರು. ಕುಡಿದವರು "ತಣ್ಣಗ ಆತ್ರಿ ಕಾಕೂ" ಅನ್ನಲೇಬೇಕು. ಅನ್ನದಿದ್ದರೆ ಅವರೇ ಕೇಳುತ್ತಿದ್ದರು, "ತಂಪ ಐತಿಲ್ಲೋ?" ಎಂದು. ಅವರಿಗೆ ಹೊಲ, ಮನೆ, ದನ ಎಲ್ಲ ಇದ್ದವು. ಹೆಮ್ಮೆ ಮಾತ್ರ ಆ ನೀರಿನ ಮೇಲಿತ್ತು.

ಒಂದು ಸಂತೆಯ ದಿನ ನಾನು ಅಪ್ಪನ ಜೊತೆ ಹುಕ್ಕೇರಿಗೆ ಹೋಗಿದ್ದೆ. ಅಪ್ಪ ನಮ್ಮ ಮನೆಗೂ ಒಂದು ಹೊಸ ಹರವಿ ಕೊಂಡ. ಕುಂಬಾರ ಅದನ್ನು ಬೆರಳಿನಿಂದ ಬಾರಿಸಿ ಗಂಟೆಯ ಹಾಗೆ ಸದ್ದು ಮಾಡಿ ತೋರಿಸಿದ. "ಎಣ್ಣಿ ಕೈಲೇ ಮುಟ್ಟಬ್ಯಾಡ್ರಿ ಅಣ್ಣಾರ. ಮಣ್ಣಿಗೆ ಕಣ್ಣಿಗಿ ಕಾಣದಂಥಾ ತೂತ ಇರತಾವ. ಎಣ್ಣಿ ಕುಡೀತಂದ್ರ ಮುಚ್ಚಿ ಹೋಗತಾವ. ಆಮ್ಯಾಲ ಹರವಿ ಬೆವರೂದಿಲ್ಲ. ಬೆವರಲಿಲ್ಲಂದ್ರ ನೀರು ತಣ್ಣಗಾಗೂದಿಲ್ಲ," ಅಂದ. ನಾನು ಕೇಳಿಸಿಕೊಂಡೆ, ಅಷ್ಟೇ. ಆಗ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ.

ಬಸ್ಸಿನಿಂದ ಇಳಿದಾಗ ನಡುಮಧ್ಯಾಹ್ನ. ಅಪ್ಪ ಹರವಿಯನ್ನು ಹೆಗಲ ಮೇಲಿಟ್ಟುಕೊಂಡು ಮೆಲ್ಲಗೆ ಬರುತ್ತಿದ್ದ. ನಾನು ಮುಂದೆ ಓಡಿದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಕಾಕುವಿನ ಕಟ್ಟೆ ಹತ್ತಿ, ಕೇಳದೆ, ತಂಬಿಗೆಯನ್ನು ಹರವಿಯಲ್ಲಿ ಅದ್ದಿ ಕುಡಿದೆ. ನಮ್ಮಲ್ಲಿ ತಂಬಿಗೆಯನ್ನು ಎತ್ತಿ, ತುಟಿಗೆ ತಾಗಿಸದೆ ಗಂಟಲಿಗೆ ಸುರಿದುಕೊಳ್ಳಬೇಕು. ನನಗೂ ಅದು ಬರುತ್ತಿತ್ತು. ಆದರೆ ಆ ದಿನ ಅಷ್ಟು ತಾಳ್ಮೆ ಇರಲಿಲ್ಲ, ತುಟಿ ಇಟ್ಟೇ ಕುಡಿದೆ. ಸಾಲದೆ, ಅದೇ ತಂಬಿಗೆಯನ್ನು ಮತ್ತೆ ಹರವಿಯಲ್ಲಿ ಅದ್ದಿದೆ.

ಕಾಕು ಬೈಯಲಿಲ್ಲ. ಬೈದಿದ್ದರೆ ನಾನು ಮರೆಯುತ್ತಿದ್ದೆ. ಅವರು ಎದ್ದು ಬಂದು, ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ಹರವಿಯನ್ನು ಎರಡೂ ಕೈಯಿಂದ ಎತ್ತಿ ಅಷ್ಟೂ ನೀರನ್ನು ನನ್ನ ಕಾಲ ಬಳಿ ಓಣಿಗೆ ಚೆಲ್ಲಿದರು. ಎಂಟು ಹೆಂಗಸರು ನೋಡುತ್ತಿದ್ದರು. "ತಿಳೀಲಿ ಈ ಎಂಜಲ ತಂಬಿಗಿಗೆ," ಅಂದರು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅಷ್ಟರಲ್ಲಿ ಬಂದ ಅಪ್ಪನಿಗೆ ಹೆಂಗಸರು ಎಲ್ಲವನ್ನೂ ಹೇಳಿದರು. ಹರವಿ ಹೊತ್ತು ನಿಂತಿದ್ದ ಅಪ್ಪನೂ ಸ್ವಲ್ಪ ನಕ್ಕ.

ಸಂಜೆಯ ಹೊತ್ತಿಗೆ ಅದು ನನ್ನ ಹೆಸರಾಗಿತ್ತು. "ಎಂಜಲ ತಂಬಿಗಿ, ನಿಮ್ಮವ್ವ ಎಲ್ಲಿ?" "ಎಂಜಲ ತಂಬಿಗಿ, ಆ ಕರಾ ಹೊಡಿ ಈಚೆ." ನಮ್ಮ ಓಣಿಯ ಆರು ಮಕ್ಕಳು ನನ್ನ ಸಾಲಿಗೇ, ಅಂದರೆ ಶಾಲೆಗೇ, ಬರುತ್ತಿದ್ದರು. ಸಾಲಿ ಶುರುವಾಗಲು ಒಂದು ತಿಂಗಳೂ ಇರಲಿಲ್ಲ. ಈ ಹೆಸರು ಒಮ್ಮೆ ಸಾಲಿಯ ಬಾಗಿಲು ದಾಟಿತೆಂದರೆ ನಾನು ಅಲ್ಲಿಂದ ಹೊರಬೀಳುವವರೆಗೂ ಅದು ಹೋಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅವ್ವನ ಮುಂದೆ ಅಳಲಿಲ್ಲ. ಅಕ್ಕ ಸಮಾಧಾನ ಮಾಡಲು ಬಂದರೆ ಗೋಡೆಯ ಕಡೆ ಹೊರಳಿ ಮಲಗಿದೆ. ನನ್ನ ತಲೆಯಲ್ಲಿ ಕುಂಬಾರನ ಮಾತು ಮಾತ್ರ ಇತ್ತು.

ಶುಕ್ರವಾರಕ್ಕಾಗಿ ಕಾದೆ. ಕಾಕು ಪ್ರತಿ ಶುಕ್ರವಾರ ಹರವಿಯನ್ನು ಖಾಲಿ ಮಾಡಿ ತೊಳೆದು, ಕಟ್ಟೆಯ ಅಂಚಿನ ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸುತ್ತಿದ್ದರು. ಒದ್ದೆ ಹರವಿ ಎಣ್ಣೆ ಕುಡಿಯುವುದಿಲ್ಲ, ಒಣಗಿದ್ದು ಕುಡಿಯುತ್ತದೆ ಎಂದು ನಾನೇ ಲೆಕ್ಕ ಹಾಕಿದೆ. ನಮ್ಮ ಹೊಸ ಹರವಿಯ ಜೊತೆ ಬಂದಿದ್ದ ಮುಚ್ಚಳದ ತಳಕ್ಕೆ ಒಂದು ಹನಿ ಹಚ್ಚಿ ನೋಡಿಯೂ ಇದ್ದೆ. ಎಣ್ಣೆ ಕ್ಷಣದಲ್ಲಿ ಒಳಗೆ ಇಳಿದು ಮಾಯವಾಗಿತ್ತು.

ಆ ಶುಕ್ರವಾರ ಊಟದ ಹೊತ್ತಿಗೆ ಓಣಿಯಲ್ಲಿ ನಾಯಿಯೂ ಇರಲಿಲ್ಲ. ಅಡುಗೆಮನೆಯಿಂದ ಒಂದು ಗಿಂಡಿ ಕುಸುಬಿ ಎಣ್ಣೆ ತೆಗೆದುಕೊಂಡು ಹೋದೆ. ಬಿಸಿಲಿಗೆ ಹರವಿ ಕಾದ ಹಂಚಿನಂತಾಗಿತ್ತು. ಅಂಗೈಗೆ ಎಣ್ಣೆ ಸುರಿದುಕೊಂಡು, ಎಳೆ ಕೂಸಿಗೆ ಹಚ್ಚುವ ಹಾಗೆ ಮೆಲ್ಲಗೆ ಸುತ್ತಲೂ ಹಚ್ಚಿದೆ. ಕೈ ಸುಡುತ್ತಿತ್ತು, ಬಿಡಲಿಲ್ಲ. ಹಚ್ಚಿದಷ್ಟೂ ಮಣ್ಣು ಕುಡಿಯಿತು. ಕೊನೆಗೆ ಬುಡಕ್ಕೂ ಹಚ್ಚಿ, ಗಿಂಡಿಯನ್ನು ಲಂಗದಲ್ಲಿ ಮುಚ್ಚಿಕೊಂಡು ಬಂದು, ಕೈಯನ್ನು ತಲೆಗೆ ಒರೆಸಿಕೊಂಡೆ. ಅಷ್ಟು ನೆಮ್ಮದಿಯಿಂದ ನಾನು ಆ ಬೇಸಿಗೆಯಲ್ಲಿ ಇನ್ನೊಮ್ಮೆ ಮಲಗಿಲ್ಲ.

ಶನಿವಾರ ಮೊದಲ ತಂಬಿಗೆ ಕುಡಿದವಳು ಮೂಲೆಮನೆಯ ಹೆಂಗಸು. ಅವಳು ಬಾಯಲ್ಲಿದ್ದ ನೀರನ್ನು ಹಾಗೇ ಇಟ್ಟುಕೊಂಡು ಕಾಕುವಿನ ಮುಖ ನೋಡಿದಳು. ಆಮೇಲೆ ನುಂಗಿದಳು.

"ಕಾಕೂ, ನೀರು ಒಲಿ ಮ್ಯಾಲಿಂದ ಈಗ ಇಳಿಸೀರೇನ?"

"ಚಾಪುಡಿ, ಬೆಲ್ಲ ಹಾಕೂದಷ್ಟ ಉಳದೈತಿ," ಅಂದಳು ಇನ್ನೊಬ್ಬಳು.

ಕಾಕು ತಾವೂ ಕುಡಿದು ನೋಡಿದರು. ಹರವಿಯ ಕೆಳಗಿನ ಮರಳು ಬದಲಿಸಿದರು. ಬುಡಕ್ಕೆ ಒದ್ದೆ ಗೋಣಿತಟ್ಟು ಹಾಸಿದರು. ಹರವಿಯನ್ನು ಮರದ ಆ ಬದಿಗೆ ಒಯ್ದರು, ಈ ಬದಿಗೆ ತಂದರು. ಒಂದು ದಿನ ದೃಷ್ಟಿ ತೆಗೆದು ಮೆಣಸಿನಕಾಯಿ ಸುಟ್ಟರು, ಓಣಿಯೆಲ್ಲ ಕೆಮ್ಮಿತು. ನಾನು ನಮ್ಮ ಬಾಗಿಲಲ್ಲಿ ಕೂತು ಎಲ್ಲವನ್ನೂ ನೋಡಿದೆ. "ತಂಪ ಐತಿಲ್ಲೋ?" ಎಂದು ಕೇಳುವುದನ್ನು ಅವರು ಮೂರನೆಯ ದಿನ ಬಿಟ್ಟರು. ಆ ದಿನ ನನಗೆ ಎರಡು ರೊಟ್ಟಿ ಹೆಚ್ಚು ಸೇರಿದವು.

ಆದರೆ ನಾನು ಒಂದನ್ನು ಯೋಚಿಸಿರಲಿಲ್ಲ. ಹೆಂಗಸರಿಗೆ ತಣ್ಣೀರು ಬೇಕೇ ಬೇಕಿತ್ತು, ಓಣಿಯಲ್ಲಿ ಹೊಸ ಹರವಿ ಇದ್ದದ್ದು ನಮ್ಮ ಮನೆಯಲ್ಲಿ. ನಾಲ್ಕನೆಯ ದಿನ ಎಲ್ಲರೂ ನಮ್ಮ ಕಟ್ಟೆಗೆ ಬಂದರು. ಅವ್ವನಿಗೆ ಖುಷಿಯೋ ಖುಷಿ. ಅಷ್ಟು ಜನರಿಗೆ ನೀರು ತರುವ ಕೆಲಸ ನನ್ನದಾಯಿತು. ಬಾವಿ ಊರ ಹೊರಗಿತ್ತು. ಬೆಳಿಗ್ಗೆ ಆರು ಸಲ ಸಣ್ಣ ಕೊಡ ಹೊತ್ತು ನಡೆದರೆ ಹರವಿ ತುಂಬುತ್ತಿತ್ತು. ಮಧ್ಯಾಹ್ನ ಅವರು ನಮ್ಮ ಕಟ್ಟೆಯ ಮೇಲೆಯೇ ಕೂತು, ನಾನು ಹೊತ್ತು ತಂದ ನೀರನ್ನೇ, "ಏ ಎಂಜಲ ತಂಬಿಗಿ, ಇನ್ನೊಂದ ತಂಬಿಗಿ ತಾ," ಎಂದು ಕೇಳುತ್ತಿದ್ದರು. ಹರವಿ ಹಾಳಾಗಿತ್ತು, ಹೆಸರು ಗಟ್ಟಿಯಾಗೇ ಇತ್ತು.

ಎಂಟನೆಯ ದಿನ ಕಾಕು ಓಣಿ ದಾಟಿ ಬಂದರು. ಅಷ್ಟು ದಿನ ಅವರು ಬೇವಿನ ಕೆಳಗೆ ಒಬ್ಬರೇ ಕೂತಿರುತ್ತಿದ್ದರು. ಎಲ್ಲರೂ ಸರಿದು ಜಾಗ ಬಿಟ್ಟರು. "ಬರ್ರಿ ಕಾಕೂ, ಕುಂಡ್ರಿ," ಅಂದಳು ಅವ್ವ. ಕಾಕು ಕೂರಲಿಲ್ಲ. ನನ್ನ ಮುಂದೆ ನಿಂತು ಕೈ ಚಾಚಿದರು. ನಾನು ತಂಬಿಗೆ ತುಂಬಿ ಕೊಟ್ಟೆ.

ಅವರು ತಂಬಿಗೆಯನ್ನು ಎತ್ತಲಿಲ್ಲ. ಅಷ್ಟು ಜನರ ಮುಂದೆ, ನನ್ನನ್ನೇ ನೋಡುತ್ತಾ, ಅದರ ಅಂಚಿಗೆ ತುಟಿ ಇಟ್ಟು ಗಟಗಟನೆ ಕುಡಿದರು. ಬಾಯಿ ಒರೆಸಿಕೊಂಡು, ಅದೇ ತಂಬಿಗೆಯನ್ನು ನಮ್ಮ ಹರವಿಯಲ್ಲಿ ಅದ್ದಿ, ಇನ್ನೊಮ್ಮೆ ಕುಡಿದರು. ಕಾಕು ಖಾಲಿ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು ಅಲ್ಲೇ ನಿಂತರು.

ನನಗೆ ಅರ್ಥವಾಯಿತು. ಅವರು ಚೆಲ್ಲಿದ ಹಾಗೆ ಚೆಲ್ಲುವ ಹಕ್ಕು ಈಗ ನನ್ನದು. ಆದರೆ ಆ ಹರವಿಯಲ್ಲಿದ್ದದ್ದು ನನ್ನ ಆರು ಸಲದ ನಡಿಗೆ. ಕುತ್ತಿಗೆ ಇನ್ನೂ ನೋಯುತ್ತಿತ್ತು. ಒಳ್ಳೆಯ ಹುಡುಗಿಯಾಗಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದಳು ಎಂದು ನೀವು ಹೇಳಬಹುದು.

ನಾನು ಹರವಿಯನ್ನು ತಬ್ಬಿ ಹಿಡಿದು ಕಟ್ಟೆಯ ಅಂಚಿಗೆ ವಾಲಿಸಿದೆ. ನೀರೆಲ್ಲ ಕಾಕುವಿನ ಕಾಲಿನ ಮೇಲೆ ಬಿದ್ದು ಓಣಿಗೆ ಹರಿಯಿತು. ಕಾದ ಮಣ್ಣು ಸುಸ್ಸೆಂದಿತು. ಆ ಸದ್ದು ನನಗೆ ಇಂದಿಗೂ ಹಿತವಾಗಿದೆ.

"ಹುಚ್ಚ ಹಿಡದೈತೇನ ನಿನಗ?" ಎಂದು ಅವ್ವ ಕೈ ಎತ್ತಿಕೊಂಡು ಬಂದಳು. ಕಾಕು ಅಡ್ಡ ನಿಂತರು. "ಬಡೀಬ್ಯಾಡವಾ. ನನ್ನ ಎಂಜಲ ಅದು, ಚೆಲ್ಲಿದ್ಳು. ಬರೋಬರಿ ಮಾಡ್ಯಾಳ," ಅಂದರು. ಆಮೇಲೆ ಹೆಂಗಸರ ಕಡೆ ತಿರುಗಿದರು. "ಇನ್ನ ಎಂಜಲ ತಂಬಿಗಿ ಅಂತ ಕರೀಬೇಕಂದ್ರ ನನ್ನೂ ಕರೀರಿ. ಯಾರ ಕರೀತೀರಿ, ಕರೀರಿ ನೋಡೂನು."

ಯಾರೂ ಕರೆಯಲಿಲ್ಲ. ಎರಡೂ ಮನೆಯಲ್ಲಿ ತಣ್ಣೀರಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಆ ಹೆಸರು ಸಾಲಿಯ ಬಾಗಿಲು ದಾಟಲಿಲ್ಲ.

"ಕೊಡಾ ತಗೋ," ಅಂದರು ಕಾಕು. ಆ ಬಿಸಿಲಿನಲ್ಲಿ ನಾವಿಬ್ಬರೂ ಬಾವಿಗೆ ಹೋದೆವು. ದಾರಿಯಲ್ಲಿ ಅವರು ಒಂದೇ ಮಾತಾಡಿದರು. "ನನ್ನ ಹರವಿ ಮ್ಯಾಲ ಧೂಳ ಕುಂತೈತಿ. ಮೈಗೆಲ್ಲ ಕುಂತೈತಿ, ಎಷ್ಟ ತೊಳದ್ರೂ ಹೋಗವಲ್ದು. ಒಂದ ಕಡೆ ಐದ ಬೆರಳ ಮೂಡ್ಯಾವ. ಸಣ್ಣ ಬೆರಳ." ನಾನು ತಪ್ಪಾಯಿತು ಎನ್ನಲಿಲ್ಲ. ಅವರೂ ಕೇಳಲಿಲ್ಲ, ತಮ್ಮದು ತಪ್ಪೆಂದೂ ಹೇಳಲಿಲ್ಲ. ಸೇದಿದ ಮೊದಲ ಕೊಡವನ್ನು ನನ್ನ ತಲೆಯ ಮೇಲಿಟ್ಟು, ತುಳುಕದಂತೆ ಬೇವಿನ ಸೊಪ್ಪು ಹಾಕಿಕೊಟ್ಟರು.

ಹತ್ತು ವರ್ಷದ ಮೇಲೆ ನನ್ನ ಮದುವೆಯಲ್ಲಿ ಕಾಕು ಅದೇ ಹರವಿಯನ್ನು ತೊಳೆದು, ಕುಂಕುಮ ಹಚ್ಚಿ, ಹೊಸ ಬೀಗರ ಮುಂದೆ ನನ್ನ ಮಡಿಲ ಬಳಿ ಇಟ್ಟರು. "ನೀರಿಗೆ ಬರೂದಿಲ್ಲ. ಎಣ್ಣಿ ಹಾಕಿಡಾಕ ಚಲೋ ಐತಿ. ಈಕಿಗೆ ಗೊತ್ತೈತಿ," ಅಂದರು. ಬೀಗರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ತಮ್ಮ ಸರದಿಗೆ ಕಾಕು ಅಷ್ಟು ವರ್ಷ ಕಾದಿದ್ದರು.

ಈ ಸಲದ ಬಿಸಿಲೂ ಅಂಥದ್ದೇ. ಬೆಳಿಗ್ಗೆ ಏಳುವ ಮೊದಲೇ ಫೋನು ಹೊರಗೆ ಹೋಗಬೇಡಿ ಎನ್ನುತ್ತದೆ. ನಿಮಗೆ ಫ್ರಿಜ್ಜಿದೆ, ಒಬ್ಬೊಬ್ಬರಿಗೆ ಹೆಸರು ಬರೆದ ಬಾಟಲಿಯಿದೆ, ಯಾರ ತುಟಿ ಯಾವುದಕ್ಕೆ ತಾಗಿತು ಎಂದು ನೋಡುವವರಿಲ್ಲ. ಅದು ಒಳ್ಳೆಯದೇ. ಮೊನ್ನೆ ನಿಮ್ಮಲ್ಲೊಬ್ಬಳಿಗೆ ಗೆಳತಿಯ ಮೇಲೆ ಸಿಟ್ಟು ಬಂತು. ಫೋನಿನಲ್ಲಿ ಅವಳನ್ನು ಬ್ಲಾಕ್ ಮಾಡಿ, ಅರ್ಧ ನಿಮಿಷದಲ್ಲಿ ಊಟಕ್ಕೆ ಬಂದಳು. ನನಗೆ ಅಂಥ ಸೌಕರ್ಯ ಇರಲಿಲ್ಲ. ನನ್ನ ವೈರಿ ದಿನ ಬೆಳಗಾದರೆ ಎದುರು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದರು.

ಪಡಸಾಲೆಯ ಮೂಲೆಯಲ್ಲಿ ನೀವು ಕೊಡೆ, ಕ್ರಿಕೆಟ್ ಬ್ಯಾಟು ನಿಲ್ಲಿಸುವ ಮಣ್ಣಿನ ಕೊಡ ಇದೆಯಲ್ಲ, ಅದೇ ಆ ಹರವಿ. ಗೋಡೆಯ ಕಡೆಗಿರುವ ಬದಿಯನ್ನು ತಿರುಗಿಸಿ ನೋಡಿ, ಕಪ್ಪಗೆ ಐದು ಬೆರಳು ಕಾಣುತ್ತವೆ. ನಿಮ್ಮ ಕೈ ಇಟ್ಟು ನೋಡಬಹುದು, ಸರಿಹೊಂದುತ್ತದೆ. ನೀರು ಮಾತ್ರ ಹಾಕಬೇಡಿ, ತಣ್ಣಗಾಗುವುದಿಲ್ಲ. ನಾನು ಆ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದೆ.